ನಂಬುವವರು, ನಂಬದವರು ಮತ್ತು ನ್ಯಾಯದ ಸಮಾಜ: ಪದೇ ಪದೇ ಕೇಳುವ ಪ್ರಶ್ನೆಗಳು

ದೇವರಿಲ್ಲದೆ ನೀತಿ ಉಳಿಯುತ್ತಾ? ದೇವರನ್ನು ಇಟ್ಟುಕೊಂಡು ಸಮಾನತೆ ತರೋಕಾಗುತ್ತಾ? ಮದುವೆ ಮನೆಯ ಪಂಕ್ತಿಯಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ, ಊರಿನ ಅರಳಿಕಟ್ಟೆಯಲ್ಲಿ ಈ ಮಾತು ಎದ್ದೇ ಏಳುತ್ತದೆ. ಹೆಚ್ಚಾಗಿ ಜಗಳದಲ್ಲೇ ಮುಗಿಯುತ್ತದೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಟ್ಟಿಲ್ಲ. ಆದಷ್ಟೂ ನಮ್ಮ ಕಡೆ ನಿಜವಾಗಿ ನಡೆದದ್ದನ್ನೇ ಹಿಡಿದು ಮಾತಾಡಿದ್ದೇನೆ.

ನೇರವಾಗಿ ಹೇಳಿ. ಇಬ್ಬರೂ ಸೇರಿ ನ್ಯಾಯದ ಸಮಾಜ ಕಟ್ಟೋಕಾಗುತ್ತಾ?

ಆಗುತ್ತದೆ. ಹಿಂದೆ ಆಗಿದೆ ಕೂಡ. ಆದರೆ ಒಂದು ಷರತ್ತಿದೆ. ಒಳ್ಳೆಯದು ಮಾಡುವ ಮನಸ್ಸು ನಿಮಗೆ ಎಲ್ಲಿಂದ ಬೇಕಾದರೂ ಬರಲಿ. ದೇವರಿಂದ ಬರಲಿ, ಪುಸ್ತಕದಿಂದ ಬರಲಿ, ಅಮ್ಮನಿಂದ ಬರಲಿ. ಇನ್ನೊಬ್ಬರ ಬದುಕನ್ನು ಕಟ್ಟಿಹಾಕುವ ನಿಯಮ ಮಾಡುವಾಗ ಮಾತ್ರ, ನಿಮ್ಮ ನಂಬಿಕೆ ಇಲ್ಲದವರಿಗೂ ಅರ್ಥವಾಗುವ ಕಾರಣ ಕೊಡಬೇಕು. ಆ ನಿಯಮದಿಂದ ಪೆಟ್ಟು ತಿಂದವರು "ಯಾಕೆ?" ಅಂತ ಕೇಳಿದರೆ ಅವರ ಬಾಯಿ ಮುಚ್ಚಿಸಬಾರದು. ಈ ಷರತ್ತನ್ನು ಮುರಿಯುವ ಆಸ್ತಿಕರೂ ಇದ್ದಾರೆ, ನಾಸ್ತಿಕರೂ ಇದ್ದಾರೆ. ಉಳಿಸಿಕೊಂಡವರೂ ಎರಡೂ ಕಡೆ ಇದ್ದಾರೆ.

ದೇವರ ಭಯ ಇಲ್ಲದವರನ್ನು ಹೇಗೆ ನಂಬೋದು?

ಇದು ಬಹಳ ಹಳೆಯ ಅನುಮಾನ. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಧಾರ್ಮಿಕ ಸಹಿಷ್ಣುತೆಯ ಪರವಾಗಿ ಬರೆದ. ಆದರೆ ನಾಸ್ತಿಕರನ್ನು ಅದರಿಂದ ಹೊರಗಿಟ್ಟ. ದೇವರನ್ನು ನಂಬದವನ ಆಣೆ, ಮಾತು, ಕರಾರು ಯಾವುದೂ ನಿಲ್ಲುವುದಿಲ್ಲ ಅನ್ನೋದು ಅವನ ವಾದ.

ಸುಮಾರು ಇನ್ನೂರು ವರ್ಷಗಳ ನಂತರ ಆ ವಾದ ಬ್ರಿಟಿಷ್ ಸಂಸತ್ತಿನ ಬಾಗಿಲಲ್ಲೇ ಪರೀಕ್ಷೆಗೆ ಬಂತು. ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕ 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಗೆದ್ದ. ಪ್ರಮಾಣವಚನದ ತಕರಾರಿನಲ್ಲಿ ಅವನನ್ನು ಒಳಗೆ ಕೂರಲು ಬಿಡಲಿಲ್ಲ. ಒಂದು ಸಲ ಸಂಸತ್ತಿನ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದರು. ಮತದಾರರು ಮತ್ತೆ ಮತ್ತೆ ಅವನನ್ನೇ ಗೆಲ್ಲಿಸಿ ಕಳಿಸಿದರು. ಕೊನೆಗೆ 1886ರಲ್ಲಿ ಕುರ್ಚಿ ಸಿಕ್ಕಿತು. ದೇವರ ಹೆಸರಿಲ್ಲದೆಯೂ ಪ್ರತಿಜ್ಞೆ ಮಾಡಬಹುದು ಎಂಬ ಕಾನೂನು 1888ರಲ್ಲಿ ಬಂತು.

ಇದರಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ. ಈ ಬ್ರಾಡ್ಲಾ ಅಲ್ಲಿನ ಸಂಸತ್ತಿನಲ್ಲಿ ಭಾರತೀಯರ ಪರ ಎಷ್ಟು ಮಾತಾಡುತ್ತಿದ್ದ ಅಂದರೆ, ಅವನನ್ನು "ಭಾರತದ ಸದಸ್ಯ" ಅಂತಲೇ ಕರೆಯುತ್ತಿದ್ದರು. 1889ರಲ್ಲಿ ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. 1891ರಲ್ಲಿ ತೀರಿಕೊಂಡಾಗ, ಲಂಡನ್ನಿನಲ್ಲಿ ಓದುತ್ತಿದ್ದ ಮೋಹನದಾಸ ಗಾಂಧಿ ಅಂತ್ಯಸಂಸ್ಕಾರಕ್ಕೆ ಹೋಗಿದ್ದರು. ಮಾತಿಗೆ ನಿಲ್ಲದವನು ಅಂತ ಯಾರನ್ನು ಹೊರಗಿಟ್ಟಿದ್ದರೋ, ಅವನೇ ಸಾವಿರಾರು ಮೈಲಿ ದೂರದ, ಮತವಿಲ್ಲದ ಜನರ ಪರವಾಗಿ ನಿಂತ.

ನಮ್ಮಲ್ಲೇ ನೋಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ಮಾಡಿದವರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅಂತ ಜೀವನವಿಡೀ ಹೇಳಿದವರು. ಖಾದಿ ಉಟ್ಟು, ಹಾಸ್ಟೆಲಿನ ಕೋಣೆಯೊಂದರಲ್ಲಿ ಬಾಳಿದವರು. ಇತ್ತ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. ದಿನವೂ ಇಷ್ಟಲಿಂಗ ಪೂಜೆ, ಜತೆಗೆ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ. ಇಬ್ಬರಲ್ಲಿ ಯಾರನ್ನು ನೀತಿಗೆಟ್ಟವರು ಅಂತೀರಿ?

ನಂಬುವವರೂ ನಂಬದವರೂ ಸೇರಿ ಗೆದ್ದ ಹೋರಾಟ ಒಂದನ್ನಾದರೂ ತೋರಿಸಿ.

ವೈಕಂ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಇಂದಿನ ಕೇರಳದಲ್ಲಿರುವ, ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ವೈಕಂನಲ್ಲಿ ಶಿವನ ದೊಡ್ಡ ದೇವಸ್ಥಾನವಿದೆ. ಅದರ ಸುತ್ತಲಿನ ರಸ್ತೆಗಳಲ್ಲಿ ಈಳವರು, ಪುಲಯರು ಮತ್ತು ಅವರಂಥ ಜಾತಿಗಳವರು ನಡೆಯುವಂತಿರಲಿಲ್ಲ. ಗುಡಿಯ ಒಳಗೆ ಹೋಗುವ ಮಾತು ಬಿಡಿ, ಬರೀ ರಸ್ತೆ. 1924ರ ಮಾರ್ಚ್ 30ರಂದು ಮೂವರು ಒಟ್ಟಿಗೆ ಆ ನಿಷೇಧದ ಹಲಗೆಯ ಕಡೆಗೆ ನಡೆದರು. ಒಬ್ಬ ಪುಲಯ, ಒಬ್ಬ ಈಳವ, ಒಬ್ಬ ನಾಯರ್. ಪೊಲೀಸರು ತಡೆದು ಜಾತಿ ಕೇಳಿದರು. ನಾಯರ್ ಹೋಗಬಹುದು, ಉಳಿದಿಬ್ಬರು ಹೋಗಬಾರದು ಅಂದರು. ಹೋದರೆ ಮೂವರೂ ಹೋಗುತ್ತೇವೆ ಅಂತ ಪಟ್ಟು ಹಿಡಿದರು. ಮೂವರನ್ನೂ ಬಂಧಿಸಿದರು. ಮಾರನೆಯ ದಿನಗಳಲ್ಲಿ ಮತ್ತೆ ಬೇರೆಯವರು ಬಂದರು. ಆ ವರ್ಷದ ಮಳೆಗಾಲದಲ್ಲಿ ದೊಡ್ಡ ನೆರೆ ಬಂತು. ನೀರಿನಲ್ಲೇ ನಿಂತು ಸತ್ಯಾಗ್ರಹ ಮುಂದುವರಿಸಿದರು.

ಅಲ್ಲಿ ಯಾರು ಯಾರು ಇದ್ದರು ನೋಡಿ. ಗಾಂಧಿ ದೇವರನ್ನು ನಂಬಿದವರು. ನಾರಾಯಣ ಗುರು ಸನ್ಯಾಸಿ, ಹೋರಾಟಕ್ಕೆ ಹಣ ಕೊಟ್ಟರು, ತಮ್ಮ ಆಶ್ರಮ ಬಿಟ್ಟುಕೊಟ್ಟರು. ಪಂಜಾಬಿನಿಂದ ಅಕಾಲಿ ಸಿಖ್ಖರು ಬಂದು ಅಡುಗೆ ಮನೆ ತೆರೆದರು. ನಾಯಕರೆಲ್ಲ ಜೈಲು ಸೇರಿದಾಗ ತಮಿಳುನಾಡಿನಿಂದ ಇ.ವಿ. ರಾಮಸ್ವಾಮಿ ಬಂದು ಹೋರಾಟ ಹಿಡಿದರು, ಎರಡು ಸಲ ಜೈಲಿಗೆ ಹೋದರು. ಅವರ ಪತ್ನಿ ನಾಗಮ್ಮೈ ಕೂಡ ಸತ್ಯಾಗ್ರಹಕ್ಕೆ ಕೂತರು. ಈ ರಾಮಸ್ವಾಮಿಯೇ ಮುಂದೆ ಪೆರಿಯಾರ್ ಆಗಿ, ದಕ್ಷಿಣ ಭಾರತದಲ್ಲಿ ನಾಸ್ತಿಕತೆಯ ಅತಿ ದೊಡ್ಡ ದನಿಯಾದರು.

1925ರ ಮಾರ್ಚಿನಲ್ಲಿ ಗಾಂಧಿ ವೈಕಂಗೆ ಬಂದು, ರಸ್ತೆ ಬಿಡಲೊಲ್ಲದ ನಂಬೂದಿರಿ ಬ್ರಾಹ್ಮಣರ ಮನೆಗೇ ಹೋಗಿ ಮಾತಾಡಿದರು. ಆ ಮನೆ ಇಂಡಂತುರುತ್ತಿ ಮನ. ಗಾಂಧಿ ಬ್ರಾಹ್ಮಣರಲ್ಲ ಅಂತ ಅವರನ್ನು ಒಳಮನೆಗೆ ಸೇರಿಸದೆ ಹೊರಗೇ ಕೂರಿಸಿದರು. ಆ ವರ್ಷದ ಕೊನೆಗೆ ದೇವಸ್ಥಾನದ ಮೂರು ಕಡೆಯ ರಸ್ತೆ ಎಲ್ಲರಿಗೂ ತೆರೆಯಿತು, ಪೂರ್ವದ್ದು ತೆರೆಯಲಿಲ್ಲ. ಗುಡಿಗಳ ಬಾಗಿಲು ತೆರೆದದ್ದು 1936ರ ನವೆಂಬರ್ 12ರ ರಾಜಘೋಷಣೆಯಿಂದ. ಗಾಂಧಿಯನ್ನು ಹೊರಗೆ ಕೂರಿಸಿದ ಮನೆ ಮುಂದೆ ಹೆಂಡ ಇಳಿಸುವ ಕಾರ್ಮಿಕರ ಸಂಘದ ಕಚೇರಿಯಾಯಿತು.

ಮೂರೂ ಬದಿ ತೆರೆಸಿದ್ದು ಆಸ್ತಿಕರಾ, ನಾಸ್ತಿಕರಾ ಅಂತ ಭಾಗ ಮಾಡಲು ನನಗಂತೂ ಬರುವುದಿಲ್ಲ.

ಅದು ಹೋರಾಟದ ದಿನದ ಸ್ನೇಹ. ಮನಸ್ಸಿನಲ್ಲಿ ಒಬ್ಬರನ್ನೊಬ್ಬರು ಒಪ್ಪಿದ್ದರಾ?

ಒಪ್ಪಲೇಬೇಕು ಅಂತ ಇಲ್ಲ, ಅಲ್ವಾ? ಒಪ್ಪದೆಯೂ ಜತೆಗಿದ್ದರು. ಅದೇ ದೊಡ್ಡದು.

ನಾರಾಯಣ ಗುರುಗಳ ಮಾತು ಕರಾವಳಿಯವರಿಗೆಲ್ಲ ಗೊತ್ತು: ಮನುಷ್ಯನಿಗೆ ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿದವರು ಅವರೇ. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ ಆ ಮಾತನ್ನು ತಿರುಗಿಸಿ ಹೇಳಿದ: ಮನುಷ್ಯನಿಗೆ ಜಾತಿ ಬೇಡ, ಮತ ಬೇಡ, ದೇವರೂ ಬೇಡ. 1917ರಲ್ಲಿ ಚೆರಾಯಿ ಎಂಬ ಊರಿನಲ್ಲಿ ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದವನು ಈತನೇ. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. "ಪುಲಯನ್ ಅಯ್ಯಪ್ಪನ್" ಅಂತ ಹೀಯಾಳಿಸಿದರು.

ಗುರು ಏನು ಮಾಡಿದರು? ಶಿಷ್ಯನನ್ನು ಬಿಡಲಿಲ್ಲ. ಸಹಪಂಕ್ತಿ ಊಟದ ಪರ ನಿಂತರು. ಕ್ರಿಸ್ತನನ್ನು ನೆನೆದು, ಎಲ್ಲವನ್ನೂ ಸಹಿಸಿಕೋ, ಕ್ಷಮಿಸು ಅಂತ ಧೈರ್ಯ ಹೇಳಿದರು. ಹಿಂದೂ ಸನ್ಯಾಸಿಯೊಬ್ಬ ನಾಸ್ತಿಕತೆಯತ್ತ ಹೊರಟ ಶಿಷ್ಯನಿಗೆ ಕ್ರಿಸ್ತನ ಉದಾಹರಣೆ ಕೊಡುತ್ತಾನೆ. ಇಬ್ಬರ ಕಣ್ಣೂ ಇದ್ದದ್ದು ಎಲೆಯ ಮುಂದೆ ಕೂತವನ ಮೇಲೆ.

ಗಾಂಧಿಗೂ ಒಬ್ಬ ನಾಸ್ತಿಕ ಗೆಳೆಯ ಇದ್ದನಂತೆ?

ಗೋರಾ. ಪೂರ್ತಿ ಹೆಸರು ಗೋಪರಾಜು ರಾಮಚಂದ್ರರಾವ್, ಆಂಧ್ರದವರು. ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಾಸ್ತಿಕತೆಯ ಕಾರಣಕ್ಕೆ ಕೆಲಸ ಕಳೆದುಕೊಂಡರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು. ಅದು ಆಮೇಲೆ ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆ ಹೋಗಬೇಕು ಅನ್ನುವುದರಲ್ಲಿ ಗಾಂಧಿಗೂ ಅವರಿಗೂ ಒಂದೇ ಹಟ. ಗಾಂಧಿಯ ಆಶ್ರಮವಿದ್ದ ಸೇವಾಗ್ರಾಮದಲ್ಲಿ ಇಬ್ಬರೂ ಕೂತು ಬಹಳ ಹೊತ್ತು ಮಾತಾಡಿದರು. ನನ್ನ ಆಸ್ತಿಕತೆ ಸರಿ, ನಿನ್ನ ನಾಸ್ತಿಕತೆ ತಪ್ಪು ಅಂತ ನಾನು ಹೇಳಲಾರೆ, ನಾವಿಬ್ಬರೂ ಸತ್ಯ ಹುಡುಕುವವರು ಎಂಬ ಅರ್ಥದ ಮಾತು ಗಾಂಧಿಯ ಬಾಯಿಂದ ಬಂತು.

ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ಹೊರಟರು. ಆಶ್ರಮದಲ್ಲೇ ಮದುವೆ ಮಾಡಿಸಲು ಗಾಂಧಿ ಒಪ್ಪಿದರು. ಮದುವೆಯ ಮಾತುಗಳಲ್ಲಿ ದೇವರ ಹೆಸರಿನ ಜಾಗದಲ್ಲಿ ಸತ್ಯ ಎಂಬ ಮಾತು ಇರಲಿ ಅನ್ನುವುದಕ್ಕೂ ಒಪ್ಪಿದರು. ಆ ಮದುವೆ ನೋಡಲು ಗಾಂಧಿ ಉಳಿಯಲಿಲ್ಲ. 1948ರ ಜನವರಿ 30ರಂದು ಅವರ ಕೊಲೆಯಾಯಿತು. ಮಾರ್ಚಿನಲ್ಲಿ, ಸೇವಾಗ್ರಾಮದಲ್ಲೇ, ಒಪ್ಪಿದ ಹಾಗೆಯೇ ಮದುವೆ ನಡೆಯಿತು.

ಆದರೆ ಅಸ್ಪೃಶ್ಯತೆಯನ್ನು ಇಷ್ಟು ಕಾಲ ಕಾಪಾಡಿದ್ದು ಧರ್ಮವೇ ತಾನೇ?

ಹೌದು. ಇದನ್ನು ತೇಲಿಸಿ ಮಾತಾಡಬಾರದು. ವೈಕಂನ ರಸ್ತೆ ಮುಚ್ಚಿದ್ದು ಶಾಸ್ತ್ರದ ಹೆಸರಿನಲ್ಲಿ. ದೇವದಾಸಿ ಪದ್ಧತಿಗೆ ಯಲ್ಲಮ್ಮನ ಹೆಸರು ಹೇಳಿದರು. ಅದನ್ನು ನಿಲ್ಲಿಸಲು ಕರ್ನಾಟಕಕ್ಕೆ 1982ರಲ್ಲಿ ಕಾಯ್ದೆಯೇ ಬೇಕಾಯಿತು. ನಿಮ್ಮ ಧರ್ಮ ದಯೆಯದ್ದೇ ಇರಬಹುದು. ಅದರ ಹೆಸರಿನಲ್ಲಿ ನಡೆದದ್ದನ್ನು ಕೇಳಿದಾಗ "ಅದು ನಿಜವಾದ ಧರ್ಮ ಅಲ್ಲ" ಅಂತ ಒಂದೇ ಮಾತಲ್ಲಿ ಕೈತೊಳೆದುಕೊಳ್ಳುವುದು ನೊಂದವರಿಗೆ ಮಾಡುವ ಅನ್ಯಾಯ.

ಹಾಗೆಂದು ಅನ್ಯಾಯದ ವಿರುದ್ಧ ಎದ್ದವರೆಲ್ಲ ದೇವರನ್ನು ಬಿಟ್ಟು ಎದ್ದರು ಅನ್ನುವುದೂ ಸುಳ್ಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಶಿವನ ಹೆಸರಿನಲ್ಲೇ ಜಾತಿಯನ್ನು ಮುರಿಯಲು ಹೊರಟರು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಸಂಬಂಧ ಬೆಳೆಯಿತು. ಅದಕ್ಕೆ ಇಬ್ಬರೂ ಪ್ರಾಣ ತೆತ್ತರು ಅಂತ ಶರಣ ಪರಂಪರೆ ನೆನೆಯುತ್ತದೆ. ಅಂಬೇಡ್ಕರ್ ಕೂಡ ಹಿಂದೂ ಧರ್ಮವನ್ನು ಬಿಟ್ಟರು, ಆದರೆ ಧರ್ಮವನ್ನೇ ಬಿಡಲಿಲ್ಲ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರು. ಸೃಷ್ಟಿಕರ್ತ ದೇವರಿಲ್ಲದ ದಾರಿ ಅದು. ನಂಬುವವರು, ನಂಬದವರು ಅಂತ ನಾವು ಎಳೆಯುವ ಗೆರೆ ಅಲ್ಲಿ ಎಲ್ಲಿ ಹಾದುಹೋಗುತ್ತದೆ, ಹೇಳಿ?

ನಾಸ್ತಿಕ ಸರ್ಕಾರಗಳು ಮಾಡಿದ್ದೇನು? ಅದನ್ನೂ ಹೇಳಿ.

ಹೇಳಲೇಬೇಕು. ಅಲ್ಬೇನಿಯಾ 1967ರಲ್ಲಿ ಧರ್ಮವನ್ನೇ ನಿಷೇಧಿಸಿತು. ಮಸೀದಿ, ಚರ್ಚುಗಳನ್ನು ಮುಚ್ಚಿಸಿತು. ಪಾದ್ರಿಗಳನ್ನು, ಇಮಾಮರನ್ನು ಜೈಲಿಗೆ ಹಾಕಿತು. ಸೋವಿಯತ್ ಸರ್ಕಾರ 1931ರಲ್ಲಿ ಮಾಸ್ಕೋದ ದೊಡ್ಡ ಕ್ಯಾಥೆಡ್ರಲ್ಲನ್ನು ಸಿಡಿಮದ್ದಿಟ್ಟು ಕೆಡವಿತು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಆಡಳಿತ ಬೌದ್ಧ ಭಿಕ್ಷುಗಳ ಚೀವರ, ಅಂದರೆ ಸನ್ಯಾಸದ ಬಟ್ಟೆ, ಬಿಚ್ಚಿಸಿತು, ಬಹಳ ಜನರನ್ನು ಕೊಂದಿತು. ಇವರ ಕೈಗೆ ಪ್ರಶ್ನೆ ಕೇಳುವವರು ಸಿಕ್ಕಾಗ ಏನು ಮಾಡಿದರೋ, ಅದನ್ನೇ ಯೂರೋಪಿನಲ್ಲಿ ಚರ್ಚಿನ ವಿಚಾರಣಾ ಮಂಡಳಿಯಾದ ಇಂಕ್ವಿಸಿಷನ್ ದೇವರ ಹೆಸರಿನಲ್ಲಿ ಮಾಡಿತ್ತು. ಅಧಿಕಾರ ಇರುವವರನ್ನು ಯಾರೂ ಕೇಳುವಂತಿಲ್ಲ ಅಂತಾದರೆ ಗುಡಿಯಲ್ಲೂ ಅಷ್ಟೇ, ಪಕ್ಷದ ಕಚೇರಿಯಲ್ಲೂ ಅಷ್ಟೇ.

ನಮ್ಮ ಸಂವಿಧಾನದಲ್ಲಿ ದೇವರ ಹೆಸರು ಯಾಕಿಲ್ಲ? ಬರೆದವರೆಲ್ಲ ನಾಸ್ತಿಕರಾ?

ಅಲ್ಲ, ಹೆಚ್ಚಿನವರು ದೇವರನ್ನು ನಂಬಿದವರೇ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ಇತ್ತು. ಎಚ್.ವಿ. ಕಾಮತ್ ಎದ್ದು ನಿಂತು, "ದೇವರ ಹೆಸರಿನಲ್ಲಿ" ಅಂತ ಪೀಠಿಕೆ ಶುರುವಾಗಲಿ ಅಂತ ತಿದ್ದುಪಡಿ ತಂದರು. ಕಾಮತರು ಹುಟ್ಟಿದ್ದು ಮಂಗಳೂರಿನಲ್ಲಿ. ಒಬ್ಬ ಸದಸ್ಯರು ದೇವರ ಬದಲು ದೇವಿಯ ಹೆಸರಿರಲಿ ಅಂದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ದೂಡಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಹೃದಯನಾಥ ಕುಂಜ್ರು ಹೇಳಿದ್ದರ ತಿರುಳು ಇದು: ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಅದೇ ಪೀಠಿಕೆಯಲ್ಲಿ ಬರೆದು, ಒಳಮನಸ್ಸಿಗೆ ಸೇರಿದ ವಿಷಯದಲ್ಲಿ ಒಂದೇ ಅಭಿಪ್ರಾಯವನ್ನು ಎಲ್ಲರ ಮೇಲೆ ಹೇರುವುದು ಸರಿಯಲ್ಲ.

ಕಾಮತರು ಬಿಡಲಿಲ್ಲ. ಮತ ಹಾಕಿದರು. ಪರ 41, ವಿರೋಧ 68. ವಿರೋಧಿಸಿದವರಲ್ಲಿ ಬೆಳಿಗ್ಗೆ ಪೂಜೆ ಮಾಡಿ ಸಭೆಗೆ ಬಂದವರೂ ಇದ್ದಿರಬೇಕು. ನನಗೆ ಇದು ಆ ಸಭೆಯ ಅತಿ ಒಳ್ಳೆಯ ದಿನಗಳಲ್ಲಿ ಒಂದು. ತಮಗೆ ಪ್ರಿಯವಾದದ್ದನ್ನು ಪಕ್ಕದವನ ಮೇಲೆ ಹೇರುವುದಿಲ್ಲ ಅಂತ ನಂಬಿಕೆಯಿದ್ದ ಜನರೇ ತೀರ್ಮಾನಿಸಿದರು. ಇವತ್ತು ವಿಧಾನಸೌಧದಲ್ಲಿ ಪ್ರಮಾಣವಚನ ಮಾಡುವಾಗಲೂ ಎರಡು ದಾರಿ ಇವೆ. ದೇವರ ಹೆಸರು ಹೇಳಬಹುದು. ಹೇಳದೆಯೂ ದೃಢವಾಗಿ ಪ್ರತಿಜ್ಞೆ ಮಾಡಬಹುದು. ಹುದ್ದೆ ಒಂದೇ, ಹೊಣೆ ಒಂದೇ.

ನಂಬಿಕೆಯೂ ಸಮಾನತೆಯೂ ಡಿಕ್ಕಿ ಹೊಡೆದರೆ?

ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಅದು ಶುರುವಾಗುವುದೇ ಮಿತಿಗಳಿಂದ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಮತ್ತು ಉಳಿದ ಮೂಲಭೂತ ಹಕ್ಕುಗಳು. ಹಿಂದೂ ಗುಡಿಗಳನ್ನು ಎಲ್ಲ ಜಾತಿಯವರಿಗೂ ತೆರೆಸುವ ಕಾನೂನು ಮಾಡಬಹುದು ಅಂತಲೂ ಅಲ್ಲೇ ಇದೆ. 17ನೇ ವಿಧಿಯಂತೂ ಅಸ್ಪೃಶ್ಯತೆಗೆ ಯಾವ ನೆಪವನ್ನೂ ಉಳಿಸಿಲ್ಲ.

ನಮ್ಮದೇ ಉದಾಹರಣೆ ಮಡೆಸ್ನಾನ. ಬ್ರಾಹ್ಮಣರು ಉಂಡು ಎದ್ದ ಎಂಜಲೆಲೆಗಳ ಮೇಲೆ ಭಕ್ತರು ಉರುಳುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ, ಹರಕೆ ತೀರುತ್ತದೆ ಅನ್ನುವ ನಂಬಿಕೆ. ನಮ್ಮ ಇಷ್ಟದಿಂದಲೇ ಉರುಳುತ್ತೇವೆ ಅಂದವರೂ ಇದ್ದರು. ಎಡಪಕ್ಷಗಳು, ದಲಿತ ಸಂಘಟನೆಗಳು, ವಿಚಾರವಾದಿಗಳು ಬೀದಿಗಿಳಿದರು. ನಿಡುಮಾಮಿಡಿ ಮಠದ ಸ್ವಾಮೀಜಿಯಂಥ ಮಠಾಧೀಶರೂ ಅದೇ ಸಾಲಿನಲ್ಲಿ ನಿಂತರು. ಪೇಜಾವರ ಮಠದ ವಿಶ್ವೇಶತೀರ್ಥರು ಎಂಜಲಿನ ಬದಲು ದೇವರ ನೈವೇದ್ಯದ ಮೇಲೆ ಉರುಳುವ ಎಡೆಸ್ನಾನವನ್ನು ಸೂಚಿಸಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ 2017ರಲ್ಲಿ ಅಮಾನವೀಯ ಪದ್ಧತಿಗಳ ವಿರುದ್ಧದ ಕಾಯ್ದೆಯನ್ನು ವಿಧಾನಮಂಡಲ ಒಪ್ಪಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವುದು ಅದರ ಪಟ್ಟಿಯಲ್ಲಿದೆ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಕಾಯ್ದೆ ಮುಟ್ಟುವುದಿಲ್ಲ.

ಇಷ್ಟಪಟ್ಟೇ ಮಾಡುತ್ತೇವೆ ಅನ್ನುವ ಮಾತನ್ನು ಸುಮ್ನೆ ತಳ್ಳಿಹಾಕಬಾರದು ಅನ್ನೋದು ನಿಜ. ಆದರೆ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಎಲೆಯ ಮುಂದೆ ಕೂತು ಉಂಡವರು ಯಾವತ್ತಾದರೂ ಉರುಳಿದವರ ಎಂಜಲಿನ ಮೇಲೆ ಉರುಳಿದ್ದಾರಾ? ಒಂದೇ ದಿಕ್ಕಿಗೆ ಹರಿಯುವ ಹರಕೆಯಲ್ಲಿ ಇಷ್ಟ ಎಷ್ಟು, ರೂಢಿಯ ಒತ್ತಡ ಎಷ್ಟು ಅಂತ ಅಲ್ಲಿ ಗೊತ್ತಾಗುತ್ತದೆ.

ಇದೆಲ್ಲ ಪಶ್ಚಿಮದಿಂದ ಬಂದ ವಿಚಾರ ಅಲ್ವಾ?

ಅಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲೊಂದು ದೇವಿಯ ವಿಗ್ರಹಕ್ಕೆ ಪೀಠವಾಗಿ ಕೂತಿತ್ತು. ಗುಡಿಯ ಮಾಡು ಕುಸಿದ ಮೇಲೆ ಅದು ಬೆಳಕಿಗೆ ಬಂತು. ಅಶೋಕ ಬಂಡೆಗಳ ಮೇಲೆ ಕೆತ್ತಿಸಿದ ಶಾಸನಗಳ ಸಾಲಿನ ಹನ್ನೆರಡನೆಯದರ ಭಾಗ ಅದರಲ್ಲಿದೆ. ತನ್ನ ಪಂಥವನ್ನು ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಅನ್ನುತ್ತದೆ ಆ ಶಾಸನ.

ಇನ್ನೊಂದು ಶ್ರವಣಬೆಳಗೊಳದ್ದು, 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ಜೈನ ಮತ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ರಾಜ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಅಂದ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೂ ಉಂಟು ಅಂತ ತೀರ್ಪಿತ್ತ. ತೀರ್ಪು ಮಾತಿನಲ್ಲೇ ನಿಲ್ಲಲಿಲ್ಲ. ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣ (ಆ ಕಾಲದ ನಾಣ್ಯ) ಎತ್ತಬೇಕು. ಅದರಲ್ಲಿ ಬೆಳಗೊಳದ ಕಾವಲಿಗೆ ಇಪ್ಪತ್ತು ಜನರನ್ನು ಇಡಬೇಕು. ಉಳಿದದ್ದರಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಅದನ್ನು ನಡೆಸುವ ಹೊಣೆ ವೈಷ್ಣವರ ಕಡೆಯ ತಾತಯ್ಯನದು. ಸೌಹಾರ್ದ ಅಂತ ಬರೀ ಭಾಷಣ ಮಾಡುವವರು ಓದಬೇಕಾದ ಶಾಸನ ಇದು. ಕಾವಲು ಯಾರು, ಸುಣ್ಣಕ್ಕೆ ದುಡ್ಡು ಎಲ್ಲಿಂದ ಅಂತಲೂ ಯೋಚಿಸಿದ್ದರು.

ವಿಚಾರವಾದಿಗಳ ಮಾತಿನಿಂದ ಭಕ್ತರ ಮನಸ್ಸು ನೋಯುವುದಿಲ್ವಾ?

ಕೆಲವು ಸಲ ನೋಯುತ್ತದೆ. ಹಣೆಯ ಕುಂಕುಮವನ್ನೋ, ತಲೆಯ ಟೋಪಿಯನ್ನೋ ಆಡಿಕೊಂಡು ನಗುವುದು ವಿಚಾರವಾದ ಅಲ್ಲ, ಬರೀ ಒರಟುತನ. ಪದ್ಧತಿಯನ್ನು ಪ್ರಶ್ನಿಸಿ, ಅದನ್ನು ನಡೆಸುವ ಬಡವರನ್ನು ಹಂಗಿಸಬೇಡಿ.

ಆದರೆ ನೋವನ್ನೂ ನೋವನ್ನೂ ತೂಗುವಾಗ ಇದು ನೆನಪಿರಲಿ. ಮಹಾರಾಷ್ಟ್ರದ ವಿಚಾರವಾದಿಗಳಾದ ನರೇಂದ್ರ ದಾಭೋಲ್ಕರರನ್ನು 2013ರಲ್ಲಿ, ಗೋವಿಂದ ಪಾನ್ಸರೆಯವರನ್ನು 2015ರ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಮನೆ ಬಾಗಿಲಲ್ಲೇ ಕೊಂದರು. ಕಲಬುರ್ಗಿಯವರು ಬದುಕಿಡೀ ದುಡಿದದ್ದು ಶರಣರ ವಚನಗಳ ಮೇಲೆ. ಮನಸ್ಸು ನೋಯಿತು ಅಂದರೆ ಉತ್ತರ ಬರೆಯಬಹುದು, ಸಭೆ ಮಾಡಬಹುದು, ಕೋರ್ಟಿಗೆ ಹೋಗಬಹುದು. ಕೊಲೆಯನ್ನು "ಆದರೆ ಅವರು ಕೂಡಾ..." ಅಂತ ಶುರುವಾಗುವ ಯಾವ ವಾಕ್ಯವೂ ಹಗುರ ಮಾಡಲಾರದು. ಇದನ್ನು ಭಕ್ತರೇ ಮೊದಲು, ಜೋರಾಗಿ ಹೇಳಬೇಕು ಅಂತ ನನ್ನ ಕಳಕಳಿಯ ಬೇಡಿಕೆ.

ಮನೆಯಲ್ಲೇ ಇಬ್ಬರು ಎರಡು ದಾರಿ. ಮದುವೆ ಹೇಗೆ ಮಾಡೋದು?

ಕುವೆಂಪು ತೋರಿಸಿದ ಮಂತ್ರಮಾಂಗಲ್ಯ ಇದೆ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತದ ಗಡಿಬಿಡಿ ಇಲ್ಲ. ಅವರ ಮನೆಯಲ್ಲೇ ಮೊದಲು ಹಾಗೆ ಮದುವೆ ನಡೆಯಿತು. ಕುವೆಂಪು ನಾಸ್ತಿಕರಲ್ಲ, ರಾಮಕೃಷ್ಣ ಪರಂಪರೆಯಿಂದ ದೀಕ್ಷೆ ಪಡೆದವರು. ಹಾಗಾಗಿ ಎರಡೂ ಕಡೆಯವರಿಗೂ ಅದು ಒಗ್ಗುತ್ತದೆ. ಬೇರೆ ಬೇರೆ ಧರ್ಮದವರಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸ್ ಕೊಡಬೇಕು. ಹೇಗೆ ಮದುವೆಯಾದರೂ ನೋಂದಣಿ ಮಾತ್ರ ತಪ್ಪದೆ ಮಾಡಿಸಿ.

ಕೋರ್ಟಲ್ಲಿ ಸಾಕ್ಷಿ ಹೇಳುವಾಗ, ಶಾಲೆಯ ಪ್ರಾರ್ಥನೆಯಲ್ಲಿ, ನಂಬದವರು ಏನು ಮಾಡಬೇಕು?

ಸಾಕ್ಷಿ ಹೇಳುವಾಗ ದೇವರ ಹೆಸರು ಕಡ್ಡಾಯ ಅಲ್ಲ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರತಿಜ್ಞೆ ಮಾಡಲು 1969ರ ಪ್ರಮಾಣಗಳ ಕಾಯ್ದೆಯಲ್ಲಿ ಅವಕಾಶವಿದೆ. ಕಟಕಟೆ ಹತ್ತುವ ಮೊದಲೇ ಕೋರ್ಟಿನ ಸಿಬ್ಬಂದಿಗೆ ಹೇಳಿಬಿಡಿ. ಸುಳ್ಳು ಸಾಕ್ಷಿ ಹೇಳಿದರೆ ಶಿಕ್ಷೆ ಇಬ್ಬರಿಗೂ ಒಂದೇ.

ಶಾಲೆಯ ವಿಷಯ 28ನೇ ವಿಧಿಯಲ್ಲಿದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ, ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಇದು ನಾಸ್ತಿಕರ ಮಗುವಿಗೆ ಎಷ್ಟು ರಕ್ಷಣೆಯೋ, ಬೇರೆ ಧರ್ಮದ ಶಾಲೆಗೆ ಹೋಗುವ ಭಕ್ತರ ಮಗುವಿಗೂ ಅಷ್ಟೇ. 1986ರಲ್ಲಿ ಕೇರಳದ ಮೂವರು ಮಕ್ಕಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ತಮ್ಮ ಕ್ರೈಸ್ತ ಪಂಥದ ನಂಬಿಕೆಯಂತೆ ಅವರು ರಾಷ್ಟ್ರಗೀತೆ ಹಾಡುತ್ತಿರಲಿಲ್ಲ, ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಶಾಲೆ ಹೊರಹಾಕಿದ್ದು ತಪ್ಪು ಅಂತ ಕೋರ್ಟು ಹೇಳಿತು. ನಿಮ್ಮ ಮಗುವಿಗೆ ಒತ್ತಾಯ ಆಗುತ್ತಿದ್ದರೆ ಮೊದಲು ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು, ಅದರ ಪ್ರತಿಯ ಮೇಲೆ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ.